ಗೆರೆಯ ನೆರೆಹೊರೆ

ಜಪಾನೀ ಮರದಚ್ಚು ಕಲಿಯಹೊರಟವರೆಲ್ಲ ‘ಗೆರೆ ಕೆತ್ತುತ್ತೇನೆ’ ಎಂದೇ ಕೂರುತ್ತಾರೆ. ಪಾಪ, ಗೆರೆಗೆ ಯಾರೂ ಕೈ ಹಚ್ಚುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಜಾಗ ಖಾಲಿ ಮಾಡಬೇಕಾದ್ದು ಅದರ ನೆರೆಹೊರೆಯ ಮರ.

ಚಿತ್ರವನ್ನು ತೆಳು ಕಾಗದದಲ್ಲಿ ಬರೆದು, ಹಲಗೆಗೆ ಪಿಷ್ಟದ ಅಂಟನ್ನು ಅಂಗೈಯಲ್ಲೇ ತೆಳ್ಳಗೆ ಸವರಿ, ಬೋರಲಾಗಿ ಅಂಟಿಸಬೇಕು. ಅಂಟು ಹೆಚ್ಚಾದರೆ ಕಾಗದ ನೆನೆದು ಹಿಗ್ಗುತ್ತದೆ, ಹುಣ್ಣಿಮೆ ಚಂದ್ರ ಕೋಳಿಮೊಟ್ಟೆಯಾಗುತ್ತಾನೆ. ಬೋರಲು ಹಾಕುವುದನ್ನು ಮರೆತರೆ ಸಹಿ ಓದಲು ಕನ್ನಡಿ ಹಿಡಿಯಬೇಕು. ಅರೆ ಒಣಗಿದ ಮೇಲೆ ಬೆರಳು ಒದ್ದೆ ಮಾಡಿ ಕಾಗದದ ಬೆನ್ನುಜ್ಜಿದರೆ, ಎಣ್ಣೆಸ್ನಾನದಲ್ಲಿ ಮೈಕೊಳೆ ಬರುವ ಹಾಗೆ, ನಾರು ಸುರುಳಿ ಸುರುಳಿಯಾಗಿ ಬರುತ್ತದೆ. ಉಳಿದ ಪೊರೆಗೆ ಒಂದು ಹನಿ ಕ್ಯಾಮೆಲಿಯಾ ಎಣ್ಣೆ ಸವರಿದರೆ ಗೆರೆ ಮರದೊಳಗಿಂದಲೇ ಮೂಡಿದಂತೆ ಕಾಣುತ್ತದೆ. ಇನ್ನೊಂದು ಸಲ ಉಜ್ಜೋಣ ಎನ್ನುವ ಆಸೆಗೆ ಗೆರೆಯೇ ಕಿತ್ತುಬರುವುದೂ ಉಂಟು.

ಇನ್ನು ಹಂಗಿತೋ, ಅಂದರೆ ಓರೆ ಬಾಯಿಯ ಚಾಕು. ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳನ್ನು ಹಿಡಿಯ ತಲೆಯ ಮೇಲಿಟ್ಟು, ತನ್ನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಬೆರಳು ಅಲಗಿನ ಬುಡದಲ್ಲಿ ಬ್ರೇಕಿನ ಹಾಗೆ ಕೂತಿರಬೇಕು. ಗೆರೆಯ ಅಂಚಿನಲ್ಲಿ ಮೊದಲ ಕೊಯ್ತ, ಎರಡು ಮಿಲಿಮೀಟರ್ ಆಚೆಯಿಂದ ಎದುರು ಓರೆಯಲ್ಲಿ ಎರಡನೆಯದು. ನಡುವಿನ ಮರ ಸಿಪ್ಪೆಯಂತೆ ತಾನೇ ಏಳಬೇಕು. ಏಳದಿದ್ದರೆ ಮತ್ತೆ ಕೊಯ್ಯಿರಿ. ಚಾಕುವಿನ ತುದಿಯಿಂದ ಮೀಟಿದಿರೋ, ಗೆರೆಯೂ ಜೊತೆಗೆ ಎದ್ದು ಬರುತ್ತದೆ. ಎಲ್ಲಕ್ಕಿಂತ ಕೆಟ್ಟ ತಪ್ಪು ಕಣ್ಣಿಗೆ ಕಾಣುವಂಥದ್ದಲ್ಲ. ಅಲಗು ಗೆರೆಯ ಅಡಿಗೆ ವಾಲಿದರೆ ಮೇಲೆ ಗೆರೆ ಚೊಕ್ಕವಾಗಿಯೇ ಇರುತ್ತದೆ, ಬುಡ ಮಾತ್ರ ಸವೆದಿರುತ್ತದೆ. ಒದ್ದೆ ಕಾಗದ ಹಾಸಿ ಬರೆನ್‌ನಿಂದ, ಅಂದರೆ ಅಚ್ಚೊತ್ತುವ ದುಂಡನೆಯ ಬಿಲ್ಲೆಯಿಂದ, ತಿಕ್ಕಿದಾಗ ಅದು ಮುರಿಯುತ್ತದೆ. ಗೆರೆಗೆ ಗುಡ್ಡದ ಆಕಾರ ಬೇಕು: ತಲೆ ಸಣ್ಣ, ಬುಡ ಅಗಲ.

ಹಳೆಯ ಕುಶಲಿಗಳ ಮರ ಯಮಜಕುರ, ಅಂದರೆ ಕಾಡು ಚೆರ್ರಿ. ಗಟ್ಟಿ, ಒಂದೇ ಹದ. ಕಲಿಯುವವರಿಗೆ ಸಿಗುವುದು ಶಿನ ಎಂಬ ಮರದ ಪ್ಲೈವುಡ್. ಅದು ಮೆತ್ತಗಿದ್ದು ಕೈಗೆ ಸುಲಭ, ಆದರೆ ಎಳೆಗೆ ಅಡ್ಡವಾಗಿ ಹೋಗುವ ಸಣ್ಣ ಗೆರೆಗಳು ಪುಡಿಯಾಗುತ್ತವೆ. ಬೈಗುಳ ಮರಕ್ಕೆ ಬಿದ್ದರೂ ತಪ್ಪು ಹೆಚ್ಚಾಗಿ ಮೊಂಡ ಚಾಕುವಿನದು. 1000 ಗ್ರಿಟ್‌ನ ಒರಟು ಸಾಣೆಕಲ್ಲಿನಲ್ಲಿ ಮಸೆದು 6000 ಗ್ರಿಟ್‌ನ ನುಣುಪು ಕಲ್ಲಿನಲ್ಲಿ ನಯಗೊಳಿಸಿದ ಅಲಗು ಕೊಯ್ಯುತ್ತದೆ, ಮೊಂಡಲಗು ಜಜ್ಜುತ್ತದೆ.

ಕೆತ್ತುವವರು ಜಾಣತನ ತೋರಿಸುವುದು ಮರದಚ್ಚಿಗೆ ಚಿತ್ರ ಬರೆದುಕೊಡುತ್ತಿದ್ದ ಜಪಾನೀ ಕಲಾವಿದ ಹೊಕುಸಾಯ್‌ಗೆ ಆಗುತ್ತಿರಲಿಲ್ಲ. ಹುಡುಗನಾಗಿದ್ದಾಗ ತಾನೇ ಅಚ್ಚು ಕೆತ್ತುವ ಕೆಲಸ ಕಲಿತಿದ್ದವನು. ತಾನು ಬರೆಯದ ಕೆಳರೆಪ್ಪೆಯನ್ನು ಸೇರಿಸಬೇಡಿ ಎಂದು ಮುಂದೆ ಪ್ರಕಾಶಕರಿಗೇ ಪತ್ರ ಬರೆದ.

ಗೆರೆ ಬಿಡಿಸಿಯಾದ ಮೇಲೆ ಬಯಲು ಜಾಗವನ್ನು ಉಳಿ ಕೊಡತಿಗಳಿಂದ ತೆಗೆಯಬೇಕು. ಗೆರೆಯಿಂದ ದೂರ ಹೋದಷ್ಟೂ ಆಳ ಹೆಚ್ಚಲಿ. ಇಲ್ಲದಿದ್ದರೆ ಕಾಗದ ಜೋತು ತಳದ ಬಣ್ಣ ನೆಕ್ಕುತ್ತದೆ. ಕಾಗದ ಕೂರಿಸುವ ಗುರುತಿಗೆ ಕೆಂತೋ ಎನ್ನುತ್ತಾರೆ: ಒಂದು ಮೂಲೆ, ಒಂದು ನೇರ ಅಂಚು, ಆಳ ಒಂದು ಮಿಲಿಮೀಟರಿನ ಒಳಗೆ. ಬಣ್ಣಕ್ಕೊಂದು ಹಲಗೆ, ಎಲ್ಲದರಲ್ಲೂ ಕೆಂತೋ ಅದೇ ಜಾಗದಲ್ಲಿರಬೇಕು. ಅರ್ಧ ಮಿಲಿಮೀಟರ್ ಜಾರಿದರೂ ತುಟಿಯ ಕೆಂಪು ಗಲ್ಲಕ್ಕಿಳಿಯುತ್ತದೆ. ಜಪಾನೀಯರ ದಿನದ ಮಾತಿನಲ್ಲೂ ಅಂದಾಜು ತಪ್ಪಿದರೆ ‘ಕೆಂತೋ ಚಿಗಾಯ್’. ಹಲಗೆಯ ಮೇಲಾದರೆ ಇದಕ್ಕೆ ಮದ್ದುಂಟು: ಕೆಂತೋ ಗೋಡೆಗೆ ಮರದ ತೆಳು ಚಕ್ಕೆ ಅಂಟಿಸಿ, ಒಣಗಿದ ಮೇಲೆ ಕೂದಲೆಳೆಯಷ್ಟು ಹೆರೆದು, ಮತ್ತೆ ಕಾಗದ ಇಟ್ಟು ನೋಡುವುದು.