ಕಲಿತುಕೊಂಡ ಸಂತೋಷ

ಚರ್ಚಿನ ಸಭೆಯಲ್ಲಿ, ದೇವರು ತಮಗೆ ಮಾಡಿದ್ದನ್ನು ಜನ ಎದ್ದು ಸಾಕ್ಷಿ ಹೇಳುವ ಹೊತ್ತು ನನಗೆ ತುಂಬಾ ಇಷ್ಟ. ಮಗನಿಗೆ ಕೆಲಸ ಸಿಕ್ಕಿತು, ವೀಸಾ ಬಂತು, ರಿಪೋರ್ಟ್ ನಾರ್ಮಲ್ ಬಂತು, ದೇವರಿಗೆ ಸ್ತೋತ್ರ. ಕೇಳಿ ನಾನೂ ಮನಸಾರೆ ಆಮೆನ್ ಅನ್ನುತ್ತೇನೆ. ಆದರೆ ಅದೇ ಬೆಂಚಿನಲ್ಲಿ ಇನ್ನೂ ಕೆಲಸ ಸಿಗದವರು ಕೂತಿರುತ್ತಾರೆ. ರಿಪೋರ್ಟ್ ನೋಡಿ ಕಂಗಾಲಾದವರೂ ಇರುತ್ತಾರೆ. ಅವರು ಎದ್ದು ಮಾತಾಡುವುದಿಲ್ಲ. ನನ್ನ ನಂಬಿಕೆಯೇ ಸಾಲದು ಅಂದುಕೊಂಡು ಮನೆಗೆ ಹೋಗುತ್ತಾರೆ. ಇದು ನನ್ನನ್ನು ಬಹಳ ಕಾಡುತ್ತದೆ.

ಬೈಬಲಿನಲ್ಲಿ ಸಂತೋಷದ ಮಾತು ಎತ್ತಿದರೆ ಎಲ್ಲರೂ ನೆನೆಯುವುದು, ಯೇಸುವಿನ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರ. ನಾಲ್ಕೇ ಅಧ್ಯಾಯ. ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಅನ್ನುವ ಮಾತು ಅಲ್ಲಿಯದೇ. ಬರೆದಾಗ ಪೌಲ ಸೆರೆಯಲ್ಲಿದ್ದ. ಕೊಲ್ಲುತ್ತಾರೋ ಬಿಡುತ್ತಾರೋ ಅವನಿಗೇ ಗೊತ್ತಿರಲಿಲ್ಲ. ಪತ್ರ ಹೋಗಿದ್ದಾದರೂ ಯಾವ ಊರಿಗೆ? ಹಿಂದೆ ಅವನನ್ನು ಬಟ್ಟೆ ಹರಿದು, ಛಡಿಗಳಿಂದ ಹೊಡೆದು, ಕಾಲಿಗೆ ಕೋಳ ಹಾಕಿದ ಊರಿಗೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯದಲ್ಲಿ ಆ ರಾತ್ರಿಯ ಕಥೆ ಇದೆ. ಪೌಲ, ಅವನ ಜೊತೆಗಾರ ಸೀಲ ಇಬ್ಬರೂ ಮಧ್ಯರಾತ್ರಿ ಹಾಡುತ್ತಿದ್ದಾರೆ, ಉಳಿದ ಕೈದಿಗಳು ಕೇಳಿಸಿಕೊಳ್ಳುತ್ತಿದ್ದಾರೆ. ಆಗ ಭೂಕಂಪವಾಗಿ ಸೆರೆಮನೆಯ ಬಾಗಿಲುಗಳು ತೆರೆದುಕೊಂಡವು, ಅದನ್ನೇ ನಾವು ಜಾಸ್ತಿ ಹೇಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು. ಸೆರೆಮನೆಯ ಯಜಮಾನ ಅದೇ ರಾತ್ರಿ ಅವರ ಗಾಯಗಳನ್ನು ತೊಳೆಯುತ್ತಾನೆ, ಮನೆಗೆ ಕರೆದುಕೊಂಡು ಹೋಗಿ ಊಟಕ್ಕೆ ಬಡಿಸುತ್ತಾನೆ, ಮನೆಮಂದಿಯೆಲ್ಲ ಸೇರಿ ಹಿಗ್ಗುತ್ತಾನೆ. ಫಿಲಿಪ್ಪಿ ಸಭೆಗೆ ಸಂತೋಷದ ಬಗ್ಗೆ ಬರೆಯುವಾಗ ಪೌಲನಿಗೆ ಆ ಮನೆಯ ಊಟ ನೆನಪಾಗದೆ ಇದ್ದೀತೇ?

ಅದೇ ಪತ್ರದ ಒಂದು ವಾಕ್ಯ ನಮ್ಮ ಗೋಡೆ ಕ್ಯಾಲೆಂಡರುಗಳಲ್ಲಿ, ಕಾರಿನ ಗಾಜಿನ ಮೇಲೆ ಎಲ್ಲಾ ಕಡೆ ಇದೆ. ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನುವ ಅರ್ಥದ್ದು, 4ನೇ ಅಧ್ಯಾಯದ 13ನೇ ವಚನ. ಪರೀಕ್ಷೆಗೆ, ಇಂಟರ್‌ವ್ಯೂಗೆ ಹೋಗುವ ಮಕ್ಕಳಿಗೆ ಇದನ್ನೇ ಹೇಳಿ ಕಳಿಸುತ್ತೇವೆ. ಆದರೆ ಅದರ ಹಿಂದಿನ ಎರಡು ವಚನಗಳಲ್ಲಿ ಪೌಲ ಹೇಳುವುದು ಹೊಟ್ಟೆ ತುಂಬಿದ ದಿನ, ಹಸಿದ ದಿನ ಎರಡರಲ್ಲೂ ಸಂತೃಪ್ತಿಯಿಂದ ಇರುವುದನ್ನು ಕಲಿತಿದ್ದೇನೆ ಅಂತ. ಕಲಿತಿದ್ದೇನೆ ಅನ್ನುತ್ತಾನೆ! ಅಷ್ಟು ದೊಡ್ಡ ಅಪೊಸ್ತಲನಿಗೂ ಇದು ಒಂದೇ ದಿನಕ್ಕೆ ಬರಲಿಲ್ಲ. ಹಾಗಾದರೆ ನಮಗೆ ತಡವಾದರೆ ಗಾಬರಿ ಯಾಕೆ?

ಅದೇ ಪತ್ರದ 2ನೇ ಅಧ್ಯಾಯದ ಕೊನೆಯಲ್ಲಿರುವ ಇನ್ನೊಂದು ಜಾಗವನ್ನು ನಾವು ಓದದೆ ದಾಟಿಬಿಡುತ್ತೇವೆ. ಫಿಲಿಪ್ಪಿಯವರು ಪೌಲನಿಗೆ ಸಹಾಯ ಕೊಟ್ಟು ಎಪಫ್ರೊದೀತ ಅನ್ನುವವನನ್ನು ಕಳಿಸಿದ್ದರು. ಅವನು ಕಾಯಿಲೆ ಬಿದ್ದು ಸಾಯುವ ಹಾಗಾದ. ತನ್ನ ಕಾಯಿಲೆ ಸುದ್ದಿ ಊರಿಗೆ ಮುಟ್ಟಿತಲ್ಲ ಅಂತ ಅದಕ್ಕೂ ಕೊರಗಿದ. ದೇವರು ಅವನನ್ನು ಉಳಿಸಿದರು, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅಂತ ಪೌಲ ಬರೆಯುತ್ತಾನೆ. ಅಂದರೆ ಒಂದು ದುಃಖ ಆಗಲೇ ಇತ್ತು. ಅವನನ್ನು ನಿಮ್ಮಲ್ಲಿಗೆ ಕಳಿಸಿಕೊಟ್ಟರೆ ನನ್ನ ಚಿಂತೆ ಕಡಿಮೆಯಾಗುತ್ತದೆ ಅಂತಲೂ ಸೇರಿಸುತ್ತಾನೆ. ಸಂತೋಷಿಸಿರಿ ಅಂದವನಿಗೇ ದುಃಖವಿತ್ತು, ಚಿಂತೆಯೂ ಇತ್ತು. ಅದನ್ನು ಸಭೆಗೆ ಮುಚ್ಚುಮರೆ ಇಲ್ಲದೆ ಬರೆದು ಕಳಿಸಿದ.

ನಮ್ಮ ಸಭೆಯ ಒಬ್ಬ ಅಕ್ಕನ ಗಂಡನಿಗೆ ಡಯಾಲಿಸಿಸ್ ನಡೆಯುತ್ತಿದೆ. ಕಳೆದ ಮನೆ ಪ್ರಾರ್ಥನೆ ಅವರ ಮನೆಯಲ್ಲೇ ಇತ್ತು. ಸ್ತೋತ್ರದ ಹಾಡೊಂದನ್ನು ಅಕ್ಕನೇ ಆರಿಸಿದರು. ಎರಡನೇ ಚರಣಕ್ಕೆ ಅವರ ಗಂಟಲು ಕಟ್ಟಿತು, ನಾವು ಹಾಡಿದೆವು. ಕೊನೆಯ ಚರಣಕ್ಕೆ ಮತ್ತೆ ಸೇರಿಕೊಂಡರು. ಆಮೇಲೆ ಅವಲಕ್ಕಿ ಕೊಡುತ್ತಾ, 'ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಕಾಯಬೇಕಲ್ವಾ, ಪಕ್ಕದವರ ಹೆಸರೆಲ್ಲ ಬರೆದಿಟ್ಟುಕೊಂಡು ಅವರಿಗೂ ಪ್ರಾರ್ಥನೆ ಮಾಡ್ತೀನಿ' ಅಂದರು. ಮೊದಲು ಅವರು ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಲೂ ಹಿಂಜರಿಯುತ್ತಿದ್ದವರು. ಕೇಳಿದ್ದು ಇನ್ನೂ ಸಿಕ್ಕಿಲ್ಲ. ಆದರೂ ಅವರೊಳಗೆ ಏನೋ ಬೆಳೆದಿದೆ, ನೋಡಿದವರಿಗೆ ಗೊತ್ತಾಗುತ್ತದೆ.

ಅದು ಹೇಗೆ ಬೆಳೆಯುತ್ತದೆ ಅಂತ ಯಾರಾದರೂ ಕೇಳಿದರೆ ನನ್ನಲ್ಲಿ ಹೊಸದೇನೂ ಇಲ್ಲ. ದಿನಾ ವಾಕ್ಯ ಓದುವುದು, ಪ್ರಾರ್ಥನೆ, ಸಭೆಯವರ ಜೊತೆ ಇರುವುದು, ಇನ್ನೊಬ್ಬರ ಹೊರೆಗೆ ಹೆಗಲು ಕೊಡುವುದು. ನನ್ನಲ್ಲಿ ನೆಲೆಗೊಂಡಿರಿ ಅಂತ ಯೇಸು ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಹೇಳುತ್ತಾರೆ, ನಿಮ್ಮ ಆನಂದ ಪೂರ್ಣವಾಗಲಿ ಅಂತ ಇದನ್ನು ಹೇಳಿದೆ ಅನ್ನುತ್ತಾರೆ. ಹೇಳಿದ್ದು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ. ಎಲ್ಲರೂ ಸೇರಿ ಪ್ರಾರ್ಥಿಸುವ ದೊಡ್ಡ ಕನ್ವೆನ್ಷನ್ ಕೂಟದ ಉತ್ಸಾಹ ನನಗೂ ಬೇಕು. ಆದರೆ ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ಕೈಹಿಡಿಯುವುದು ದಿನಾ ಯೇಸುವಿನಲ್ಲಿ ನೆಲೆಗೊಂಡ ಬದುಕು.

ಸಭಾಪಾಲಕರಲ್ಲಿ ನನ್ನದೊಂದು ಬಿನ್ನಹ. ಸಾಕ್ಷಿಯ ಹೊತ್ತಿನಲ್ಲಿ, ಇನ್ನೂ ಉತ್ತರ ಸಿಗದವರನ್ನೂ ಕರೆಯಿರಿ. ಅವರು ಅಳುತ್ತಲೇ ಹೇಳಲಿ. ಅದಕ್ಕೂ ನಾವು ಜೋರಾಗಿ ಆಮೆನ್ ಅನ್ನೋಣ.

ಓದುತ್ತಿರುವ ನೀವು ಈ ವಾರ ದಿನಕ್ಕೊಂದು ಅಧ್ಯಾಯದಂತೆ ಫಿಲಿಪ್ಪಿಯವರಿಗೆ ಬರೆದ ಆ ಪತ್ರವನ್ನು ಮನೆಯವರ ಜೊತೆ ಓದಿ. 2ನೇ ಅಧ್ಯಾಯದ ಕೊನೆ ಬಂದಾಗ ಅವಸರ ಮಾಡಬೇಡಿ.