ಬರ್ತಾರೆ, ಕೂತಿರಿ

"ನಾಳೆ ಬೆಳಿಗ್ಗೆ 6ಕ್ಕೆ ಸರಿಯಾಗಿ ಬಂದುಬಿಡಿ. ರಾತ್ರಿ 12ರ ಮೇಲೆ ತೊಟ್ಟು ನೀರೂ ಬೇಡ." ಮನೆಯಲ್ಲಿ ಒಂದಾದರೂ ಆಪರೇಷನ್ ಆಗಿದ್ದವರಿಗೆ ಈ ಫೋನ್ ಗೊತ್ತು. ಅಮ್ಮನ ಮಂಡಿ ಆಪರೇಷನ್‌ಗೆ ನಮಗೂ ಬಂತು. ಆರಕ್ಕೆ ಹತ್ತು ನಿಮಿಷ ಇರುವಾಗಲೇ ನಾವು ಹಾಜರು. ಕೌಂಟರಿನವರು ಇನ್ನೂ ಬಂದಿರಲಿಲ್ಲ.

ಲಿಸ್ಟ್‌ನಲ್ಲಿ ಅಮ್ಮ ನಾಲ್ಕನೆಯವಳು. ನಾಲ್ವರನ್ನೂ 6ಕ್ಕೇ ಕರೆಸಿದ್ದರು. ಎಂಥ ಸಮಾನತೆ ನೋಡಿ. ಮೊದಲನೆಯವರು ಒಳಗೆ ಹೋದದ್ದು ಎಂಟೂವರೆಗೆ. ಅಮ್ಮನ ಸರದಿ ಬಂದದ್ದು ಮಧ್ಯಾಹ್ನ 3ಕ್ಕೆ.

ಅಷ್ಟರೊಳಗೆ ಐದು ಜನ ಬಂದು "ಯಾವ ಕಾಲು?" ಎಂದು ಕೇಳಿದ್ದರು. ಬಲಗಾಲಿನ ಮೇಲೆ ಪೆನ್ನಿನಲ್ಲಿ ಬಾಣದ ಗುರುತೂ ಬಿತ್ತು. ಐದನೆಯವರು ಕೇಳುವ ಹೊತ್ತಿಗೆ ಅಮ್ಮನಿಗೇ ಅನುಮಾನ ಶುರುವಾಗಿ ಅಣ್ಣನ ಮುಖ ನೋಡಿದಳು. ನಗಬೇಡಿ, ಇದು ಒಳ್ಳೆಯ ಪದ್ಧತಿ. ತಪ್ಪು ಕಾಲು ಕೊಯ್ದ ಮೇಲೆ ಕೇಳಿ ಏನು ಪ್ರಯೋಜನ?

ಬಾಗಿಲ ಹೊರಗೆ ಕೂರುವುದೇ ಒಂದು ವಿದ್ಯೆ. ಬಾಗಿಲು ಕಿರ್ ಎಂದರೆ ಸಾಕು, ಇದ್ದಬದ್ದ ತಲೆಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಬಂದವರ ಮುಖದಲ್ಲೇ ರಿಪೋರ್ಟ್ ಓದಬೇಕು. ಹಸಿರು ಬಟ್ಟೆಯ ಒಬ್ಬ ಹುಡುಗ ತಲೆ ಬಗ್ಗಿಸಿಕೊಂಡು ಬಿರಬಿರನೆ ಹೋದ. ಅಕ್ಕ ಅಳಲಿಕ್ಕೇ ಶುರು ಮಾಡಿದಳು. ಅವನು ಸ್ಟೋರಿನಿಂದ ಸಾಮಾನು ತರುವ ಹುಡುಗ, ಮೊಬೈಲ್ ನೋಡ್ತಾ ಹೋಗಿದ್ದ ಅಷ್ಟೆ. ಆಮೇಲೆ ಅವನೇ ನಗುತ್ತಾ ವಾಪಸ್ ಬಂದ. ಅಕ್ಕನಿಗೆ ಸಮಾಧಾನವಾಯಿತು. ಎರಡು ಗಂಟೆ ನಮಗೆ ಸಿಕ್ಕ ಮಾಹಿತಿಯೆಲ್ಲ ಆ ಹುಡುಗನ ಮೂತಿಯಿಂದ ಬಂದದ್ದು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಸುರಕ್ಷತೆಗೆ ಒಂದು ಚೆಕ್‌ಲಿಸ್ಟ್ ಮಾಡಿತು. ಒಟ್ಟು 19 ಅಂಶ. ರೋಗಿ ಯಾರು, ಯಾವ ಜಾಗ, ಏನು ಅಲರ್ಜಿ, ಹತ್ತಿ-ಸೂಜಿ ಲೆಕ್ಕ ಸರಿಯಿದೆಯಾ, ಎಲ್ಲ ಅದರಲ್ಲಿದೆ. ಒಳಗಿರುವವರೆಲ್ಲ ತಮ್ಮ ಹೆಸರು, ಕೆಲಸ ಹೇಳಿ ಪರಸ್ಪರ ಪರಿಚಯ ಮಾಡಿಕೊಳ್ಳಬೇಕು ಅಂತಲೂ ಇದೆ. ದಿನಾ ಒಟ್ಟಿಗೆ ಇರುವವರಿಗೇ ಪರಿಚಯ! ಹೊರಗೆ ಕೂತವರಿಗೆ ಯಾರಾದರೂ ಒಂದು ಮಾತು ಹೇಳಿದರಾ ಅನ್ನೋದು ಮಾತ್ರ ಆ 19ರಲ್ಲಿ ಎಲ್ಲೂ ಇಲ್ಲ.

ಇನ್ನು ನೀರಿನ ವಿಷಯ. ಹೊಟ್ಟೆ ಖಾಲಿ ಇರಬೇಕು, ಒಪ್ಪಿದೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಆದರೆ ಬೇರೆ ತೊಂದರೆ ಇಲ್ಲದವರು 2 ಗಂಟೆ ಮುಂಚಿನ ತನಕ ಬರೀ ನೀರು ಕುಡಿಯಬಹುದು, ಹಗುರ ಊಟ 6 ಗಂಟೆ ಮುಂಚೆ ಮುಗಿದಿದ್ದರೆ ಸಾಕು ಅಂತ ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಬರೆದಿಟ್ಟಿದೆ. ಅಮ್ಮನಿಗೆ 15 ಗಂಟೆ ನೀರಿಲ್ಲ. ಎಪ್ಪತ್ತು ದಾಟಿದ ಹೆಂಗಸು, ತುಟಿ ಒಡೆದು ಮಾತಾಡಲಿಕ್ಕೂ ಆಗ್ತಿರಲಿಲ್ಲ. ಒದ್ದೆ ಹತ್ತಿಯಲ್ಲಿ ತುಟಿ ಒರೆಸಿ ಅಂದರು. ಇದರಲ್ಲಿ ತಮಾಷೆ ಮಾಡೋಕೆ ನನಗೆ ಏನೂ ಸಿಗಲಿಲ್ಲ. ಲಿಸ್ಟ್ ನೋಡಿ "ನಿಮ್ಮದು ಮಧ್ಯಾಹ್ನ, ಬೆಳಿಗ್ಗೆ ನೀರು ಕುಡಿಸಿ" ಅಂತ ಇನ್ನೊಂದು ಫೋನ್ ಮಾಡಲು ಯಾರಿಗೂ ಆಗಲಿಲ್ಲ. ಬರೀ ಸೋಮಾರಿತನ.

ಸಂಜೆ ಐದು ದಾಟಿದ ಮೇಲೆ ಡಾಕ್ಟರ್ ಹೊರಗೆ ಬಂದರು. "ಆಯ್ತು, ಚೆನ್ನಾಗಾಗಿದೆ" ಎಂದರು. ಅಣ್ಣ ಚೀಟಿಯಲ್ಲಿ ಏಳು ಪ್ರಶ್ನೆ ಬರೆದುಕೊಂಡಿದ್ದ. ಜೇಬಿನಿಂದ ಚೀಟಿ ತೆಗೆಯುವಷ್ಟರಲ್ಲಿ ಲಿಫ್ಟ್ ಮುಚ್ಚಿತ್ತು.

ರಾತ್ರಿ ಅಮ್ಮ ಕಣ್ಣು ಬಿಟ್ಟವಳೇ ನೀರು ಕೇಳಿದಳು.

"ಈಗಲೇ ಕೊಡಬೇಡಿ, ಡಾಕ್ಟರ್ ಬಂದು ಹೇಳಬೇಕು" ಎಂದರು ಸಿಸ್ಟರ್.

"ಯಾವಾಗ ಬರ್ತಾರೆ ಸಿಸ್ಟರ್?"

"ಬರ್ತಾರೆ, ಕೂತಿರಿ."