ಕರಕ್ ಚಾ ಯಾರದ್ದು ಹೇಳಿ?
ಹೊರಗಿನೋರು ಬಂದು ದುಬೈ ಸಂಸ್ಕೃತಿ ಹಾಳಾಯ್ತು ಅಂತ ಬರೆದಿದ್ದೀರಲ್ಲ ಸರ್, ನಾನಿದನ್ನ ಒಪ್ಪಲ್ಲ. ಹನ್ನೊಂದು ವರ್ಷ ದುಬೈನ ದೇರಾದಲ್ಲಿದ್ದೆ. ಸಂಜೆ ಆದ್ರೆ ಅಲ್ಲಿನ ಅರಬ್ಬರೇ ಕಾರ್ ತಂದು ಕೆಫೆಟೇರಿಯಾ ಮುಂದೆ ನಿಲ್ಲಿಸಿ ಹಾರ್ನ್ ಹೊಡೀತಾರೆ, ಒಳಗಿಂದ ಮಲಯಾಳಿ ಹುಡುಗ ಪೇಪರ್ ಕಪ್ಪಲ್ಲಿ ಏಲಕ್ಕಿ ಹಾಕಿದ ಕರಕ್ ಚಾ ಹಿಡ್ಕೊಂಡು ಓಡಿ ಬರ್ತಾನೆ, ಆ ಕರಕ್ ಅನ್ನೋದು ನಮ್ಮ ಕಡಕ್ಕೇ, ಅರಬ್ಬಿಲಿ ಡ ಇಲ್ಲ ಅದಕ್ಕೆ ರ ಆಗಿದೆ ಅಷ್ಟೇ. ಟ್ಯಾಕ್ಸೀಲಿ 'ಸೀದಾ' ಅಂದ್ರೆ ಅವ್ರಿಗೂ ಅದೇ ಅರ್ಥ, ನಮ್ಗೂ ಅದೇ.

ಈ ನಂಟೇನು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ, 1966ರ ತನಕ ದುಬೈಲಿ ನಡೀತಿದ್ದಿದ್ದೇ ರೂಪಾಯಿ, 1959ರಿಂದ ಆ ಕಡೆಗೇ ಅಂತ ಬೇರೆ ಗಲ್ಫ್ ರೂಪಾಯಿ ನೋಟು ನಮ್ಮ ರಿಸರ್ವ್ ಬ್ಯಾಂಕೇ ಹೊರಡಿಸ್ತಿತ್ತು.

ಮತ್ತೆ ಈ ಕಡೆಗೂ ನೋಡಿ, ಮಂಗಳೂರಲ್ಲಿ ಈಗ ಅರಬ್ಬರ 'ಮಂದಿ' ಅನ್ನ, ಕೆಂಡದಲ್ಲಿ ಸುಟ್ಟ ಅಲ್ಫಾಮ್ ಕೋಳಿ ಸಿಗದ ರೋಡ್ ಇದ್ಯಾ? ನಮ್ಮಮ್ಮ ನೀರುದೋಸೆ ಬಿಟ್ಟಿಲ್ಲ, ಆದ್ರೆ ನಾನು ರಜೆಗೆ ಬಂದಾಗ ಅರಬ್ಬರ ರೊಟ್ಟಿ ಖುಬ್ಬೂಸ್ ತಂದಿಡ್ತಾರೆ. ಇದನ್ನ ಹಾಳು ಅಂತ ಹೇಗೆ ಅನ್ನೋದು? ನಂಗೆ ಬೇಜಾರಿರೋದು ಒಂದೇ, ಆ ಚಾ ತಂದುಕೊಟ್ಟ ಹುಡುಗನ ಹೆಸರು ಯಾರೂ ಕೇಳಲ್ಲ.